ರೈಸನ್ 5600ಜಿ, ಐ5-12400: ಮದುವೆ ವಿಡಿಯೊ ಮಾಡುವವನ ಲೆಕ್ಕ

ಎಎಂಡಿಯ ರೈಸನ್ 5600ಜಿ, ಇಂಟೆಲ್‌ನ ಐ5-12400 ಎರಡೂ ಕಂಪ್ಯೂಟರಿನ ಪ್ರೊಸೆಸರ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಂಟೆಲ್ ಐ5-12400ಕ್ಕೆ. ಎಎಂಡಿ ಮೇಲೆ ನನಗೇನೂ ಸಿಟ್ಟಿಲ್ಲ. ಎರಡು ಸಲ ದುಡ್ಡು ಕೊಟ್ಟವನು ನಾನು, ತಪ್ಪೂ ನನ್ನದೇ.

ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ. ಮದುವೆ ವಿಡಿಯೊ, ಆಲ್ಬಂ, ಮಧ್ಯೆ ಮಧ್ಯೆ ಲಗ್ನಪತ್ರಿಕೆ ಡಿಟಿಪಿ. ಹಳೇ ಕಂಪ್ಯೂಟರ್ ಕೈಕೊಟ್ಟಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ರೈಸನ್ 5 5600ಜಿ ತಂದೆ. ಒಳಗೇ ವೇಗಾ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡಿನ ಖರ್ಚಿಲ್ಲ. 12400 ಕೂಡ ಅಷ್ಟೇ: ಆರು ಕೋರ್, ಹನ್ನೆರಡು ಥ್ರೆಡ್, 4.4 ಗಿಗಾಹರ್ಟ್ಸ್‌ವರೆಗೆ ಓಟ. ಮದರ್‌ಬೋರ್ಡೂ ಸೇರಿ ಇಂಟೆಲ್‌ಗೆ ಐದು ಸಾವಿರ ಜಾಸ್ತಿ ಹೇಳಿದರು. ಸುಮ್ನೆ ಯಾಕೆ ಅಂದುಕೊಂಡೆ.

ಆರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಕ್ಯಾನನ್ ಆರ್6 ಕ್ಯಾಮೆರಾ ತೆಗೆದುಕೊಂಡೆ. ಗುಬ್ಬಿಯ ಒಂದು ಮದುವೆಯನ್ನು ಮೊದಲ ಸಲ ಸಿ-ಲಾಗ್‌ನಲ್ಲಿ (ಬಣ್ಣವನ್ನು ಆಮೇಲೆ ತಿದ್ದಿಕೊಳ್ಳಲೆಂದೇ ಇರುವ ಮೋಡ್) ಶೂಟ್ ಮಾಡಿದೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಮೇಲೆ ಹಾಕಿ ಸ್ಪೇಸ್‌ಬಾರ್ ಒತ್ತಿದೆ. ತಾಳಿ ಹಿಡಿದ ಮದುಮಗನ ಕೈ ಎತ್ತಿದ ಹಾಗೇ ನಿಂತಿತು. ಗಟ್ಟಿಮೇಳ ಮಾತ್ರ ಓಡುತ್ತಿದೆ. ನಾಲ್ಕು ಸೆಕೆಂಡ್ ಬಿಟ್ಟು ನೋಡಿದರೆ ಗಂಟು ಬಿದ್ದಾಗಿದೆ, ಹುಡುಗಿಯ ತಲೆ ತುಂಬ ಅಕ್ಷತೆ. ಮಧ್ಯದ್ದೆಲ್ಲ ಮಾಯ. ಮದುವೆ ವಿಡಿಯೊದಲ್ಲಿ ಕತ್ತರಿ ಹಾಕಬೇಕಾದ್ದೇ ಅಲ್ಲಿ, ಅಲ್ವಾ?

ಅಂಗಡಿಯವರಿಗೆ ಫೋನ್ ಮಾಡಿದೆ. "ರ‍್ಯಾಮ್ ಹಾಕ್ಸಿ ಸಾರ್, ಸರಿಹೋಗುತ್ತೆ" ಅಂದರು. 16 ಜಿಬಿ ಇದ್ದದ್ದು 32 ಆಯಿತು. ಮದುಮಗ ಅಲ್ಲೇ ನಿಂತಿದ್ದ. ಗೆಳೆಯನ ಹತ್ತಿರ ಜಿಟಿಎಕ್ಸ್ 1650 ಕಾರ್ಡ್ ಇಸಕೊಂಡು ಬಂದು ಸಿಕ್ಕಿಸಿದೆ. ಆಗಲೂ ಅಷ್ಟೇ. ಕೊನೆಗೆ ಎಲ್ಲ ಕ್ಲಿಪ್‌ಗೂ ಪ್ರಾಕ್ಸಿ (ಎಡಿಟ್ ಮಾಡಲು ಬಳಸುವ ಹಗುರ ನಕಲು) ಮಾಡಲು ಇಟ್ಟು ಮನೆಗೆ ಹೋದೆ. ರಾತ್ರಿ ಕರೆಂಟ್ ಹೋಗಿದೆ, ಯುಪಿಎಸ್ ಇಪ್ಪತ್ತು ನಿಮಿಷಕ್ಕೆ ಕೈ ಚೆಲ್ಲಿದೆ. ಬೆಳಿಗ್ಗೆ ಗುಬ್ಬಿಯಿಂದ ಫೋನು: "ಅಣ್ಣಾ, ಹೈಲೈಟ್ಸ್ ಆದ್ರೂ ಕಳ್ಸಿ."

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ವಿಷಯ ಹೊಳೆಯಿತು. ವಿಡಿಯೊ ಓಡುವಾಗ ಸಿಪಿಯು, ಅಂದರೆ ಪ್ರೊಸೆಸರ್, ನೂರಕ್ಕೆ ನೂರು. ಗ್ರಾಫಿಕ್ಸ್ ಕಡೆ 'ವಿಡಿಯೊ ಡಿಕೋಡ್' (ಒತ್ತಿಟ್ಟ ವಿಡಿಯೊ ಬಿಚ್ಚುವ ಕೆಲಸ) ಅನ್ನುವ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿದೆ.

ಕಾರಣ ಇಷ್ಟು. ಮಾಮೂಲಿ ವಿಡಿಯೊ 4:2:0. ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದು ಸಲ ಬಣ್ಣದ ಲೆಕ್ಕ ಬರೆದಿಡುತ್ತದೆ. ಸಿ-ಲಾಗ್ ಹಾಕಿದರೆ ಆರ್6 ಬರೆಯುವುದು ಎಚ್.265 (ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ಒಂದು ವಿಧಾನ), 10 ಬಿಟ್, 4:2:2. ಎರಡು ಪಿಕ್ಸೆಲ್‌ಗೆ ಒಂದು ಲೆಕ್ಕ. ರೇಷ್ಮೆ ಸೀರೆಯ ಬಣ್ಣ ತಿದ್ದುವಾಗ ಈ ಜಾಸ್ತಿ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಇದನ್ನು ಬಿಚ್ಚುವ ಭಾಗ 5600ಜಿ ಒಳಗಿನ ವೇಗಾದಲ್ಲಿ ಇಲ್ಲ, 1650ರಲ್ಲೂ ಇಲ್ಲ. ಹಾಗಾಗಿ ಹೊರೆಯೆಲ್ಲ ಆ ಆರು ಕೋರ್‌ಗಳ ತಲೆ ಮೇಲೆ. 12400ರ ಒಳಗಿರುವ ಯುಎಚ್‌ಡಿ 730 ನೋಡಲು ಬಡಕಲು ಗ್ರಾಫಿಕ್ಸ್. ಆದರೆ ಅದರಲ್ಲಿ ವಿಡಿಯೊ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಭಾಗಕ್ಕೆ ಈ ಕೆಲಸ ಬರುತ್ತದೆ.

12400 ತಂದು ಹಾಕಿ ಅದೇ ಕ್ಲಿಪ್ ತೆರೆದೆ. ತಾಳಿ ಎತ್ತಿದ, ಕಟ್ಟಿದ, ಮೂರು ಗಂಟೂ ಎಣಿಸಬಹುದಿತ್ತು. ಪ್ರಾಕ್ಸಿಯ ಗೊಡವೆಯೇ ಇಲ್ಲ.

ಒಂದು ಸಲ ಮಾತ್ರ ಎದೆ ಧಸಕ್ಕೆಂದಿತು. ಗೆಳೆಯನ ಕಾರ್ಡ್ ವಾಪಸ್ ಕೊಡುವ ಮುಂಚೆ ಇದಕ್ಕೂ ಹಾಕಿ ನೋಡೋಣ ಅಂತ ಹಾಕಿದೆ. ಮದುಮಗ ಮತ್ತೆ ನಿಂತ! ಬೇರೆ ಕಾರ್ಡ್ ಕೂತ ತಕ್ಷಣ ನನ್ನ ಬೋರ್ಡ್ ಒಳಗಿನ ಗ್ರಾಫಿಕ್ಸ್ ಅನ್ನು ತಾನೇ ಆಫ್ ಮಾಡಿಬಿಟ್ಟಿತ್ತು. ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ಸ್) ಹೋಗಿ ಆನ್ ಮಾಡಿದ ಮೇಲೆ ಸರಿಹೋಯಿತು.

ಇದೇ ಕಾರಣಕ್ಕೆ 12400ಎಫ್ ಬೇಡ. ಒಂದೆರಡು ಸಾವಿರ ಕಮ್ಮಿ ಅಂತ ಅಂಗಡಿಯಲ್ಲಿ ಎರಡು ಸಲ ಅದನ್ನೇ ಕೈಗಿಟ್ಟರು. ಎಫ್ ಅಂದರೆ ಒಳಗೆ ಗ್ರಾಫಿಕ್ಸೇ ಇಲ್ಲ. ನಾನು ದುಡ್ಡು ಕೊಡುತ್ತಿರುವುದೇ ಅದಕ್ಕೆ. ಸೋನಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಎಕ್ಸ್‌ಎವಿಸಿ ಎಸ್ ಅನ್ನುವ ಫಾರ್ಮ್ಯಾಟ್‌ನಲ್ಲಿ 4:2:2 ಶೂಟ್ ಮಾಡಿದರೆ ಅದು ಎಚ್.264, ಅದಕ್ಕೆ 12400 ಕೂಡ ಕೈ ಹಚ್ಚುವುದಿಲ್ಲ. ಎಚ್.265 ಬರೆಯುವ ಎಕ್ಸ್‌ಎವಿಸಿ ಎಚ್‌ಎಸ್ ಆರಿಸಿಕೊಳ್ಳಿ.

ಉಳಿದದ್ದರಲ್ಲಿ ಹೇಳುವಂಥದ್ದು ಕಮ್ಮಿ. ಫೋಟೊಶಾಪ್‌ನಲ್ಲಿ ಆಲ್ಬಂ, ನುಡಿಯಲ್ಲಿ ಟೈಪಿಂಗ್: ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಕಾರ್ಡ್ ಇಲ್ಲದೆ ಗೇಮ್ ಆಡುವವರು 5600ಜಿ ತಗೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಸದ್ದಿನಲ್ಲೂ ಅದೇ ವಾಸಿ. 12400ರ ಡಬ್ಬದ ಮೇಲೆ 65 ವ್ಯಾಟ್ ಅಂತಿದ್ದರೂ ಜೋರು ಕೆಲಸ ಕೊಟ್ಟರೆ 117ರವರೆಗೆ ಏರಬಹುದು. ನನ್ನ ಸ್ಟುಡಿಯೊಗೆ ಶೀಟಿನ ಚಾವಣಿ. ಏಪ್ರಿಲ್ ಮಧ್ಯಾಹ್ನ ಎಕ್ಸ್‌ಪೋರ್ಟ್ ಹಾಕಿದರೆ ಅದರ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತದೆ.

5600ಜಿ ಬಿಚ್ಚುವವರು ಸ್ವಲ್ಪ ಹುಷಾರು. ಅದರ ಪಿನ್ ಇರುವುದು ಚಿಪ್ಪಿನ ಅಡಿಯಲ್ಲೇ. ಕೂಲರ್ ಎತ್ತಿದರೆ ಪೇಸ್ಟ್ ಕಚ್ಚಿಕೊಂಡು ಚಿಪ್ಪೂ ಜೊತೆಗೇ ಎದ್ದು ಬಂತು. ಎರಡು ಪಿನ್ ಬಗ್ಗಿದ್ದವು. ಸೀಸ ತೆಗೆದ ಪೆನ್-ಪೆನ್ಸಿಲ್ ತುದಿಯನ್ನು ಒಂದೊಂದು ಪಿನ್ನಿಗೂ ತೂರಿಸಿ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಹತ್ತು ನಿಮಿಷ ಓಡಿಸಿ ಪೇಸ್ಟ್ ಬಿಸಿ ಮಾಡಿಕೊಂಡು, ಕೂಲರನ್ನು ಮೆಲ್ಲಗೆ ತಿರುಚಿ ತೆಗೆಯಬೇಕಂತೆ. ಆಮೇಲೆ ಗೊತ್ತಾಯಿತು.

ಅದನ್ನು ಮಾರಲಿಲ್ಲ. ಈಗ ಮುಂದಿನ ಕೌಂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಂಡಿದೆ. ಭಾನುವಾರ ಅಕ್ಕನ ಮಗ ಬಂದರೆ ಅದರಲ್ಲೇ ಗೇಮು. ಒಳಗಿನ ಹೊಸ ಮೆಷಿನ್ ಗೇಮ್‌ಗೆ ಡಬ್ಬಾ ಅಂತ ಅದರ ತಂಟೆಗೇ ಬರುವುದಿಲ್ಲ. ನನಗೂ ಅದೇ ಬೇಕಿತ್ತು.