ಬೆಲ್ಲದ ಅಂಗಡಿಗೆ ಮೂರು ಬಾಗಿಲು: ದುಡ್ಡು ಕೊಟ್ಟ ವೆಬ್‌ಸೈಟ್, ವಾಟ್ಸಾಪ್ ಕ್ಯಾಟಲಾಗ್, ಗೂಗಲ್ ಸೈಟ್ಸ್

ಮೊದಲೇ ಹೇಳಿಬಿಡುತ್ತೇನೆ. 18,000 ರೂಪಾಯಿ ಕೊಟ್ಟು ಮಾಡಿಸಿದ ವೆಬ್‌ಸೈಟಿಗಿಂತ, ಅಕ್ಕನ ಮಗಳು ಒಂದು ಭಾನುವಾರ ಕೂತು ಗೂಗಲ್ ಸೈಟ್ಸ್‌ನಲ್ಲಿ ಪುಕ್ಕಟೆ ಮಾಡಿಕೊಟ್ಟ ಒಂದೇ ಒಂದು ಪುಟ ನಮಗೆ ಹೆಚ್ಚು ಗಿರಾಕಿ ತಂದಿದೆ.

ನಮ್ಮ ಬೆಲ್ಲದ ಅಂಗಡಿ ಇರುವುದು ಮಂಡ್ಯದ ಒಳಗೆ, ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳೆಲ್ಲ ಬೈಪಾಸ್ ಹಿಡಿದವು. ಮುಂಚೆ ಕಾಫಿಗೆ ನಿಲ್ಲಿಸಿದವರೇ ಎರಡು ಕೆಜಿ ಅಚ್ಚು ಬೆಲ್ಲ ಕಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ನಮ್ಮನ್ನು ಹುಡುಕಿಕೊಂಡೇ ಬರಬೇಕು, ಹುಡುಕುವುದೋ ಫೋನಿನಲ್ಲಿ. ಹಾಗಾಗಿ ವೆಬ್‌ಸೈಟಿನ ಗೀಳು ಹತ್ತಿತು.

ದುಡ್ಡು ಕೊಟ್ಟು ಮಾಡಿಸಿದ್ದು ನೋಡಲು ಮದುವೆ ಮಂಟಪದ ಹಾಗಿತ್ತು. ತೆರೆದ ತಕ್ಷಣ ಒಂದರ ಹಿಂದೆ ಒಂದು ಜಾರುವ ದೊಡ್ಡ ಫೋಟೋಗಳು. ಎಡವಟ್ಟು ಶುರುವಾಗಿದ್ದು ಕನ್ನಡದಿಂದ. ಬೆಲ್ಲದ ವಿವರವನ್ನೆಲ್ಲ ನಾನು ಫ್ಲೆಕ್ಸ್ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದೆ. ಅದು ಯೂನಿಕೋಡ್ (ಯಾವ ಫೋನು, ಕಂಪ್ಯೂಟರಿನಲ್ಲೂ ಅಕ್ಷರ ಸರಿಯಾಗಿ ಕಾಣಿಸುವ ಪದ್ಧತಿ) ಅಲ್ಲದ ಹಳೇ ನುಡಿ. ವೆಬ್‌ಸೈಟಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಮೂಡಿದ ಹಾಗೆ ಕಾಣುತ್ತಿತ್ತು. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ, ಎರಡು ನಿಮಿಷದ ಕೆಲಸ. ನಮ್ಮ ವೆಬ್‌ಸೈಟಿನವರು ಅಷ್ಟೂ ಮಾಡದೆ, ಇಡೀ ಬರಹವನ್ನು ಚಿತ್ರ ಮಾಡಿ ಅಂಟಿಸಿಬಿಟ್ಟರು. 'ಈಗ ಕನ್ನಡ ಚೆನ್ನಾಗಿ ಕಾಣುತ್ತೆ ನೋಡಿ ಸಾರ್' ಅಂದರು. ಕಾಣುತ್ತಿತ್ತು, ನಿಜ.

ಆದರೆ ಚಿತ್ರದೊಳಗಿನ ಅಕ್ಷರ ನೆಚ್ಚಿಕೊಂಡು ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವುದುಂಟೇ? 'ಮಂಡ್ಯ ಬೆಲ್ಲ' ಅಂತ ಹುಡುಕಿದರೆ ನಾವು ಎಲ್ಲೂ ಇಲ್ಲ. ಫೋನಿನಲ್ಲಿ ಅಕ್ಷರ ಇರುವೆ ಸಾಲಿನಷ್ಟು. ನಮ್ಮ ನಂಬರೂ ಚಿತ್ರದೊಳಗೇ ಇದ್ದದ್ದರಿಂದ ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಮೈಸೂರಿನ ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು ಚೀಟಿಯಲ್ಲಿ ಬರೆದುಕೊಂಡು, ಎರಡು ಸಲ ಯಾರಿಗೋ ಮಾಡಿ, ಮೂರನೇ ಸಲಕ್ಕೆ ನನಗೆ ಸಿಕ್ಕಿ, 'ಏನಪ್ಪ ನಿನ್ ಅಂಗ್ಡಿ ನಂಬ್ರು, ಪಾಸ್‌ವರ್ಡ್ ಥರ ಐತಲ್ಲ' ಅಂದರು. ಬೆಲ್ಲದ ರೇಟೋ ವಾರಕ್ಕೊಂದು. ಪ್ರತಿ ಸಲವೂ ಹೊಸ ಚಿತ್ರ, ಪ್ರತಿ ಚಿತ್ರಕ್ಕೂ 300 ರೂಪಾಯಿ. ಎರಡು ತಿಂಗಳಾದ ಮೇಲೆ ನಾನು ರೇಟು ಬದಲಿಸುವುದನ್ನೇ ಬಿಟ್ಟೆ, ಹಳೇ ರೇಟು ಹಿಡಿದು ಜಗಳಕ್ಕೆ ಬಂದವರ ಜೊತೆ ರಾಜಿ ಮಾಡಿಕೊಂಡೆ.

ಇನ್ನೊಂದು ಫಜೀತಿ ಅಂದರೆ ಮೇಲಿನ ಆ ಜಾರುವ ಫೋಟೋ. ಎಲ್ಲಿಂದಲೋ ತಂದ ಬೆಣ್ಣೆ ಬಣ್ಣದ ಬೆಲ್ಲ. ನಮ್ಮದು ಹೈಡ್ರೋಸ್ (ಬೆಲ್ಲಕ್ಕೆ ತಿಳಿ ಬಣ್ಣ ಬರಿಸುವ ರಾಸಾಯನಿಕ) ಹಾಕದ, ಬೆಂಡೆ ಗಿಡದ ಲೋಳೆಯಲ್ಲೇ ಕೊಳೆ ತೆಗೆದ ಕಂದು ಬೆಲ್ಲ. ಪಾರ್ಸೆಲ್ ಬಿಚ್ಚಿದವರು 'ಹಳೇ ಸ್ಟಾಕ್ ಕಳಿಸಿದ್ದೀರಾ' ಅಂತ ಕೇಳದೆ ಇನ್ನೇನು ಮಾಡುತ್ತಾರೆ?

ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ಬಗ್ಗೆ ದೂರಿಲ್ಲ. 500 ಸಾಮಾನು ಹಾಕಬಹುದು, ನಮ್ಮಲ್ಲಿರುವುದು ಆರು. ರೇಟು ನಾನೇ ಬದಲಿಸುತ್ತೇನೆ. ಆದರೆ ನಮ್ಮ ನಂಬರ್ ಇದ್ದವರಿಗಷ್ಟೇ ಅದು ಅಂಗಡಿ, ಹೊಸಬರ ಕಣ್ಣಿಗೆ ಬೀಳುವುದು ಕಷ್ಟ.

ಗೂಗಲ್ ಸೈಟ್ಸ್ ಪುಟದಲ್ಲಿ ಅಂದ ಚಂದ ಕಡಿಮೆ, ಪಾವತಿ ವ್ಯವಸ್ಥೆ ಇಲ್ಲ. ಆದರೂ ನನ್ನ ವೋಟು ಇದಕ್ಕೇ. ಅಕ್ಕನ ಮಗಳು ನನ್ನ ಫೋನ್ ಇಸಿದುಕೊಂಡು, ಗಿರಾಕಿಗಳು ಒಂದು ತಿಂಗಳಿಂದ ಕೇಳಿದ್ದನ್ನೆಲ್ಲ ಮೇಲಿಂದ ಕೆಳಗೆ ಓದಿದಳು. 'ಮಾವ, ಎಲ್ಲರೂ ಇದೇ ಐದು ಕೇಳ್ತಾರೆ' ಅಂದಳು: ಯಾಕೆ ಕಪ್ಪಗಿದೆ, ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತಾ, ಮಳೆಗಾಲದಲ್ಲಿ ನೀರು ಬಿಟ್ಟರೆ ಏನು ಮಾಡೋದು, ಕೊರಿಯರ್ ಎಷ್ಟು, ಎಕ್ಸ್‌ಪ್ರೆಸ್‌ವೇಯಿಂದ ಎಲ್ಲಿ ಇಳಿಯಬೇಕು. ಆ ಐದಕ್ಕೆ ಉತ್ತರ, ಒಂದು ಮ್ಯಾಪು, ಒತ್ತಿದರೆ ನೇರ ವಾಟ್ಸಾಪಿಗೆ ಹೋಗುವ ಬಟನ್, ಅಷ್ಟೇ ಪುಟ. 'ನಮ್ಮ ಬಗ್ಗೆ' ಅನ್ನುವ ಭಾಷಣ ಇಲ್ಲ. ಫೋಟೋ ಒಂದೇ, ಅಂಗೈ ಮೇಲೆ ಮುರಿದ ಅಚ್ಚು, ಒಳಗಿನ ಬಣ್ಣ ಕಾಣುವ ಹಾಗೆ. ಕೊಪ್ಪರಿಗೆಯಿಂದ ಪಾಕ ಇಳಿಸುವ 40 ಸೆಕೆಂಡಿನ ವಿಡಿಯೋ ಇದೆ. ಅದನ್ನು ನೋಡಿ 'ಆಲೆಮನೆಗೆ ಮಕ್ಕಳನ್ನ ಕರ್ಕೊಂಡು ಬರಬಹುದಾ' ಅಂತ ಕೇಳುವವರೇ ಜಾಸ್ತಿ, ಬಂದವರು ಬರಿಗೈಲಿ ಹೋಗಿಲ್ಲ.

ನೂರಾರು ಸೀರೆ ಇಟ್ಟುಕೊಂಡು, ಆನ್‌ಲೈನಿನಲ್ಲೇ ದುಡ್ಡು ಕಟ್ಟಿಸಿಕೊಳ್ಳಬೇಕಾದವರಿಗೆ ಇದು ಸಾಲದು, ಅವರು ದುಡ್ಡು ಕೊಟ್ಟೇ ಮಾಡಿಸಬೇಕು. ಹಾಗೆ ಮಾಡಿಸುವಾಗ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲೇ ಇರಲಿ. ನಮ್ಮದು ಮಾಡಿಸಿದವರ ಹೆಸರಿನಲ್ಲಿತ್ತು, ಬಿಡಿಸಿಕೊಳ್ಳಲು ಆಗದೆ ಕೈಬಿಟ್ಟೆ. ಅಂಗಡಿ ಬೋರ್ಡಿನ ಮೇಲೆ ಇವತ್ತಿಗೂ ಆ ಹಳೇ ವಿಳಾಸವೇ ಇದೆ. ಹೊಸ ಬೋರ್ಡಿಗೆ 4,000 ಕೇಳಿದರು, ಸದ್ಯಕ್ಕೆ ಅದರ ಮೇಲೆ ಹೊಸ ಪುಟದ ಕ್ಯೂಆರ್ ಸ್ಟಿಕ್ಕರ್ ಮೆತ್ತಿದ್ದೇನೆ.