ಪಕ್ಕದಲ್ಲಿ ಸಿಡಿಲು ಬಿದ್ದರೆ ಹ್ಯಾಮ್ ರೇಡಿಯೋ ರಿಗ್ (ಸೆಟ್) ಉಳಿಸುವುದು ಯಾವುದು? ಗ್ಯಾಸ್ ಟ್ಯೂಬ್, ಸ್ಟಬ್, ಕೇಬಲ್ ಬಿಚ್ಚುವುದು

ಸಿಡಿಲು ಆಂಟೆನಾಕ್ಕೇ ನೇರ ಬಡಿದರೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮನೆಯಲ್ಲಿ ಹಾಕಿಕೊಳ್ಳುವ ಯಾವ ಅರೆಸ್ಟರನ್ನೂ (ಸಿಡಿಲಿನ ಹೊಡೆತವನ್ನು ಅರ್ತಿಂಗ್‌ಗೆ ತಿರುಗಿಸುವ ಸಾಧನ) ನಂಬುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಪಕ್ಕದ ತೆಂಗಿನಮರಕ್ಕೋ ಬೀದಿ ಕಂಬಕ್ಕೋ ಬಿದ್ದ ಸಿಡಿಲಿನ ಮಾತು. 7 ಮೆಗಾಹರ್ಟ್ಸ್‌ನ (40 ಮೀಟರ್ ಬ್ಯಾಂಡ್) ಡೈಪೋಲ್ ಆಂಟೆನಾ, 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್) ವರ್ಟಿಕಲ್ ಆಂಟೆನಾ, 100 ವ್ಯಾಟ್ ರಿಗ್, ಆರ್‌ಜಿ-213 ಆಂಟೆನಾ ಕೇಬಲ್: ಇಂಥ ಸೆಟಪ್‌ನಲ್ಲಿ ಮೂರೂ ಉಪಾಯ ಬಳಸಿ ನೋಡಿದ ಮೇಲಿನ ಹೋಲಿಕೆ ಇದು.

ಹಲವು ಬ್ಯಾಂಡ್ ಬಳಸುವವರಿಗೆ ಗ್ಯಾಸ್ ಟ್ಯೂಬ್ ಅರೆಸ್ಟರೇ ಸರಿ. ಅನಿಲ ತುಂಬಿದ ಈ ಪುಟ್ಟ ಕೊಳವೆ ವೋಲ್ಟೇಜ್ ಮಿತಿ ಮೀರಿದಾಗ ‘ಹೊತ್ತಿ’, ಅಂದರೆ ಒಳಗೆ ಕಿಡಿ ಹಾರಿ, ಲೈನನ್ನು ಅರ್ತಿಂಗ್‌ಗೆ ಶಾರ್ಟ್ ಮಾಡುತ್ತದೆ. ಟ್ಯೂಬಿನ ವೋಲ್ಟೇಜ್ ಮಾತ್ರ ಲೆಕ್ಕ ಹಾಕಿಯೇ ಆರಿಸಬೇಕು. 50 ಓಮ್ ಲೈನಿನಲ್ಲಿ 100 ವ್ಯಾಟಿಗೆ ಪೀಕ್ ವೋಲ್ಟೇಜ್ 100. ಎಸ್‌ಡಬ್ಲ್ಯುಆರ್ (ಆಂಟೆನಾ, ಲೈನ್ ಎಷ್ಟು ಹೊಂದುತ್ತವೆ ಎಂಬ ಅಳತೆ; 1 ಇದ್ದರೆ ಪೂರ್ತಿ ಹೊಂದಾಣಿಕೆ) 3 ಆದರೆ 173. 90 ವೋಲ್ಟಿನ ಟ್ಯೂಬ್ ಹಾಕಿದರೆ ಟ್ರಾನ್ಸ್‌ಮಿಟ್ ಮಾಡುವಾಗಲೇ ಹೊತ್ತಿಕೊಂಡು ಎಸ್‌ಡಬ್ಲ್ಯುಆರ್ ಜಿಗಿಯುತ್ತದೆ. 230 ವೋಲ್ಟಿನದು ಸಾಕು. 400 ವ್ಯಾಟ್ ಲೀನಿಯರ್ (ಪವರ್ ಆಂಪ್ಲಿಫೈಯರ್) ಇದ್ದರೆ 600. ಆದರೆ ಆ 230 ಎಂಬುದು ನಿಧಾನಕ್ಕೆ ಏರುವ ಡಿಸಿಯ ಲೆಕ್ಕ. ಮೈಕ್ರೋಸೆಕೆಂಡಿಗೆ ಸಾವಿರ ವೋಲ್ಟ್ ಏರುವ ಹೊಡೆತಕ್ಕೆ ಟ್ಯೂಬ್ ಹೊತ್ತುವಷ್ಟರಲ್ಲಿ ಲೈನಿನಲ್ಲಿ 500 ವೋಲ್ಟ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಎದ್ದಿರುತ್ತದೆ, ಆ ಚೂರು ರಿಗ್‌ನ ಕಡೆ ನುಗ್ಗುತ್ತದೆ. ಒಳಗೆ ಕೆಪಾಸಿಟರ್ ಇರುವ ಡಿಸಿ-ಬ್ಲಾಕ್ ಮಾದರಿ ಇದನ್ನು ಚೆನ್ನಾಗಿ ತಡೆಯುತ್ತದೆ. ಅದನ್ನು ತಿರುಗುಮುರುಗು ಹಾಕಬೇಡಿ, ಆಂಟೆನಾ ಬದಿಯ ಗುರುತು ನೋಡಿ. ಟ್ಯೂಬಿನ ಬದಲು ಎಂಒವಿ (ಮೇನ್ಸ್ ಸರ್ಜ್ ತಡೆಗೆ ಬಳಸುವ ಬಿಡಿಭಾಗ) ಹಾಕುವುದಂತೂ ಬೇಡ: 500 ಪಿಕೋಫ್ಯಾರಡ್ ಇದ್ದರೂ 7 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 45 ಓಮ್, ಸಿಗ್ನಲ್ಲನ್ನೇ ನುಂಗುತ್ತದೆ.

ಕಾಲು ತರಂಗದ ಶಾರ್ಟ್ ಸ್ಟಬ್‌ನಲ್ಲಿ ಸವೆಯುವ ಭಾಗವೇ ಇಲ್ಲ. ಟೀ ಕನೆಕ್ಟರಿಗೆ ಕೇಬಲ್ ತುಂಡು ಸೇರಿಸಿ, ತುದಿಯಲ್ಲಿ ಒಳತಂತಿಯನ್ನು ಬ್ರೇಡ್‌ಗೆ (ಹೊರಗಿನ ಹೆಣೆದ ತಂತಿ) ಬೆಸುಗೆ ಹಾಕಿದರೆ ಆಯಿತು. ತನ್ನ ಬ್ಯಾಂಡಿನ ಸಿಗ್ನಲ್ಲಿಗೆ ಈ ತುಂಡು ಇಲ್ಲದಂತೆಯೇ, ಸಿಡಿಲಿನ ಕರೆಂಟಿಗೆ ಮಾತ್ರ ಶಾರ್ಟ್. 145 ಮೆಗಾಹರ್ಟ್ಸ್‌ಗೆ 34 ಸೆಂ.ಮೀ., 7.1ಕ್ಕೆ ಸುಮಾರು 7 ಮೀಟರ್. ಇದು ಆರ್‌ಜಿ-213ರ ಲೆಕ್ಕ, ಒಳಗಿನ ನಿರೋಧಕ ಫೋಮ್ ಆಗಿರುವ ಕೇಬಲ್ಲಿಗೆ ಈ ಅಳತೆ ನಡೆಯದು. 2 ಮೀಟರಿನಲ್ಲಿ ಇದು ಟ್ಯೂಬನ್ನೂ ಮೀರಿಸುತ್ತದೆ, ಏಕೆಂದರೆ 34 ಸೆಂ.ಮೀ. ತುಂಡಿನ ಇಂಡಕ್ಟನ್ಸ್ 0.1 ಮೈಕ್ರೋಹೆನ್ರಿಯೂ ಇಲ್ಲ. 7 ಮೀಟರ್ ತುಂಡಿನದು ಸುಮಾರು 1.75. ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್ ಏರಿದರೆ ಅದರ ಮೇಲೆ 1,750 ವೋಲ್ಟ್ ನಿಲ್ಲುತ್ತದೆ. ಹಾಗಾಗಿ ಎಚ್‌ಎಫ್‌ನಲ್ಲಿ (3ರಿಂದ 30 ಮೆಗಾಹರ್ಟ್ಸ್) ಸ್ಟಬ್ ಒಂದನ್ನೇ ನೆಚ್ಚಬಾರದು. ಜೊತೆಗೆ 40 ಮೀಟರ್ ಬ್ಯಾಂಡಿನ ಸ್ಟಬ್ 14 ಮೆಗಾಹರ್ಟ್ಸನ್ನು ಶಾರ್ಟ್ ಮಾಡಿಬಿಡುತ್ತದೆ, ಕೇಬಲ್ ಮೂಲಕವೇ ವಿದ್ಯುತ್ ಪಡೆಯುವ ರಿಮೋಟ್ ಟ್ಯೂನರನ್ನೂ ಸಾಯಿಸುತ್ತದೆ.

ಕೇಬಲ್ ಬಿಚ್ಚುವುದು ಮೂರರಲ್ಲೂ ಗಟ್ಟಿ ಉಪಾಯ, ಆದರೆ ಬಿಚ್ಚಿದ ಪ್ಲಗ್ಗನ್ನು ಮೇಜಿನ ಮೇಲೆ, ರಿಗ್‌ನ ಪಕ್ಕದಲ್ಲೇ ಬಿಟ್ಟರೆ ಅಲ್ಲಿಂದಲೇ ಕಿಡಿ ಹಾರಬಹುದು. ಗೋಡೆಯ ಹೊರಗಿನ ಪ್ಯಾನೆಲ್‌ನಲ್ಲಿ ಬಿಚ್ಚಿ, ಒಳಪಿನ್ನನ್ನು ಅರ್ತಿಂಗ್‌ಗೆ ಬೆಸೆದ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿಡಿ. ಲ್ಯಾನ್, ಯುಎಸ್‌ಬಿ, ರೊಟೇಟರ್ (ಆಂಟೆನಾ ತಿರುಗಿಸುವ ಮೋಟಾರು) ತಂತಿಗಳನ್ನೂ ತೆಗೆಯಬೇಕು. ಗುಡುಗು ಕೇಳಿಸತೊಡಗಿದ ಮೇಲೆ ಕೇಬಲ್ ಮುಟ್ಟಲೇಬೇಡಿ.

ಆದರೂ ಟ್ಯೂಬು, ಸ್ಟಬ್ಬು ಕೆಲಸ ಮಾಡುವುದು ಕೆಡುವುದು ಅರ್ತಿಂಗ್ ಜೋಡಣೆಯಲ್ಲಿ. ಮೇನ್ಸ್ ಅರ್ತಿಂಗ್ ಮನೆಯ ಮುಂದೆ, ಆಂಟೆನಾ ರಾಡ್ ಹಿತ್ತಲಲ್ಲಿ, ಎರಡಕ್ಕೂ ಸಂಬಂಧವಿಲ್ಲ ಎನ್ನಿ. ಹತ್ತಿರ ಸಿಡಿಲು ಬಿದ್ದಾಗ ಅವೆರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ, ಆ ಕರೆಂಟ್ ದಾಟಿಹೋಗುವುದು ರಿಗ್‌ನ ಮೂಲಕವೇ. ಆಗ ಎಂಥ ಅರೆಸ್ಟರ್ ಇದ್ದರೂ ಉಪಯೋಗವಿಲ್ಲ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಾಡಿನ ರೋಧ ಹೆಚ್ಚು, ಆದ್ದರಿಂದ ಈ ವ್ಯತ್ಯಾಸವೂ ಹೆಚ್ಚು. ಎರಡು ರಾಡನ್ನೂ 16 ಚದರ ಮಿ.ಮೀ. ತಾಮ್ರದ ತಂತಿಯಿಂದ ಜೋಡಿಸಿ. ಕೇಬಲ್‌ಗಳೆಲ್ಲ ಮನೆಯೊಳಗೆ ಬರುವ ಕಡೆ ಒಂದೇ ಲೋಹದ ತಟ್ಟೆ ಇರಲಿ, ಅರೆಸ್ಟರ್‌ಗಳು ಅದರ ಮೇಲೇ ಕೂರಲಿ. ಅಲ್ಲಿಂದ ರಾಡಿಗೆ 25 ಮಿ.ಮೀ. ಅಗಲದ ತಾಮ್ರದ ಪಟ್ಟಿ, ಸುರುಳಿ ಇಲ್ಲದೆ, ಚೂಪು ತಿರುವಿಲ್ಲದೆ, ಆದಷ್ಟು ಗಿಡ್ಡವಾಗಿ. ತಂತಿಯ ಪ್ರತಿ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಸೇರುತ್ತದೆ. ಮೂರು ಮೀಟರ್ ಆದರೆ ಮೇಲಿನ ಅದೇ ಕರೆಂಟಿಗೆ 3,000 ವೋಲ್ಟ್. ಅಲ್ಯೂಮಿನಿಯಂ ತಟ್ಟೆಗೆ ತಾಮ್ರ ನೇರ ತಾಗಿದರೆ ಮಳೆನೀರಿಗೆ ಸವೆದುಹೋಗುತ್ತದೆ, ನಡುವೆ ಸ್ಟೇನ್‌ಲೆಸ್ ವಾಷರ್ ಹಾಕಿ.

ಭರಣಿ ಮಳೆಗೆ ಮುಂಚೆ ಟ್ಯೂಬುಗಳನ್ನು ಕಳಚಿ ನೋಡಿ. ಶಾರ್ಟ್ ಆಗಿ ಸತ್ತ ಟ್ಯೂಬು ಎಸ್‌ಡಬ್ಲ್ಯುಆರ್‌ನಲ್ಲೇ ಗೊತ್ತಾಗುತ್ತದೆ. ಓಪನ್ ಆಗಿ ಸತ್ತದ್ದು ಮಲ್ಟಿಮೀಟರಿಗೂ ಸಿಕ್ಕುವುದಿಲ್ಲ, ಅದಕ್ಕೆ ಮೆಗ್ಗರೇ (ಹೆಚ್ಚು ವೋಲ್ಟ್ ಕೊಟ್ಟು ನಿರೋಧಕತೆ ನೋಡುವ ಮೀಟರ್) ಬೇಕು, 230 ವೋಲ್ಟಿನ ಟ್ಯೂಬಿಗೆ 500 ವೋಲ್ಟಿನದು: ಹೊತ್ತದಿದ್ದರೆ ಬದಲಿಸಿ. 600ರ ಟ್ಯೂಬು 500 ವೋಲ್ಟಿಗೆ ಹೊತ್ತುವುದಿಲ್ಲ.