ಗೊಬ್ಬರಗುಂಡಿಗೆ ಸೈರೋಮಜಿನ್ ಹರಳು: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಹಾಕುವ ಕ್ರಮ ಗೊತ್ತಿದ್ದರೆ

ಶಿರಸಿ, ಸಿದ್ದಾಪುರದ ಕಡೆ ಸೊಪ್ಪು, ದರಕು (ಒಣ ಎಲೆ) ಹಾಸುವ ಕೊಟ್ಟಿಗೆಗಳಿಗೆ, ಗೊಬ್ಬರದಲ್ಲಿ ಬೆಳೆಯುವ ನೊಣದ ಮರಿಹುಳು ಕೊಲ್ಲುವ ಈ 2% ಹರಳು ಚೆನ್ನಾಗಿ ಒಗ್ಗುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು.

ನರಕ್ಕೆ ತಟ್ಟುವ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಸೈಪರ್ಮೆಥ್ರಿನ್ ಹೊಡೆದ ಮೇಲೂ ಗುಂಡಿಯಲ್ಲಿ ಹುಳ ಮಿಸುಕಾಡುತ್ತಿದ್ದರೆ ಅಂಗಡಿಯವರನ್ನು ಬೈಯುವುದು ರೂಢಿ. ಎಷ್ಟೋ ಸಲ ತಪ್ಪು ಔಷಧದ್ದಲ್ಲ, ಹುಳದ ಕಿಣ್ವಗಳ ಕರಾಮತ್ತು. ನೊಣದ ಮರಿಹುಳುವಿನ ಕರುಳಲ್ಲೂ ಕೊಬ್ಬಿನಂಗದಲ್ಲೂ ಸೈಟೋಕ್ರೋಮ್ ಪಿ450 ಕಿಣ್ವಗಳಿವೆ. ಅವು ವಿಷದ ಅಣುವಿಗೆ ಆಮ್ಲಜನಕ ಸೇರಿಸುತ್ತವೆ. ಎಸ್ಟರೇಸ್‌ಗಳು ಎಂಬ ಇನ್ನೊಂದು ಬಗೆಯ ಕಿಣ್ವಗಳು ಪೈರೆಥ್ರಾಯ್ಡ್ ಅಣುವನ್ನು ಹಿಡಿದಿಡುವ ಎಸ್ಟರ್ ಕೊಂಡಿಯನ್ನೇ ಕತ್ತರಿಸುತ್ತವೆ. ನೀರಲ್ಲಿ ಕರಗುವಂತಾದ ಚೂರುಗಳು ಹೊರಬೀಳುತ್ತವೆ, ವಿಷ ನರಕ್ಕೆ ಮುಟ್ಟುವುದೇ ಇಲ್ಲ. ಪದೇಪದೇ ಅದೇ ಔಷಧ ಹೊಡೆದಲ್ಲಿ ಈ ಕಿಣ್ವ ಹೆಚ್ಚಿರುವ ಹುಳಗಳೇ ಉಳಿದು ಸಂತಾನ ಬೆಳೆಸುತ್ತವೆ. ಪಿ450 ಕಟ್ಟಿಹಾಕುವ ಪೈಪೆರೋನಿಲ್ ಬ್ಯುಟಾಕ್ಸೈಡ್ ಬೆರೆತ ಔಷಧಕ್ಕೆ ಹುಳ ಸತ್ತರೆ ಮೊದಲು ಸಾಯದಿದ್ದುದಕ್ಕೆ ಕಾರಣ ಈ ಕಿಣ್ವಗಳೇ ಎನ್ನಬಹುದು. ಅದಕ್ಕೂ ಸಾಯದಿದ್ದರೆ ಪೈರೆಥ್ರಾಯ್ಡ್ ತಾಗುವ ಜಾಗವಾದ ನರದ ಸೋಡಿಯಂ ದ್ವಾರವೇ ಬದಲಾಗಿರುವ ಸಾಧ್ಯತೆ ಇದೆ. ಆಗ ಡೋಸ್ ಏರಿಸಿ ಫಲವಿಲ್ಲ.

ಸೈರೋಮಜಿನ್ ನರದ ತಂಟೆಗೆ ಹೋಗುವುದಿಲ್ಲ, ಹುಳ ಬೆಳೆಯುವಾಗ ಪೊರೆ ಕಳಚುವುದನ್ನು ಕೆಡಿಸುತ್ತದೆ. 10 ಚದರ ಮೀಟರಿಗೆ 250 ಗ್ರಾಂ. ಗೊಬ್ಬರ ಒದ್ದೆಯಿದ್ದರೆ ಹಾಗೇ ಉದುರಿಸಿ. ಮೇಲ್ಮೈ ಒಣಗಿದ್ದರೆ 10 ಲೀಟರ್ ನೀರಲ್ಲಿ ಕರಗಿಸಿ ಹೂಜಿಯಿಂದ ಸುರಿಯಿರಿ. ನಡುಗುಂಡಿಗೆ ಸುರಿದು ಅಂಚು ಬಿಡುವುದು ಎಲ್ಲರೂ ಮಾಡುವ ತಪ್ಪು. ಗುಂಡಿಯ ನಡುವೆ ಕಾವು ಜಾಸ್ತಿ, ಹುಳ ಇರುವುದು ಅಂಚಲ್ಲಿ, ಗೋಡೆಯ ಬುಡದಲ್ಲಿ, ನೀರಿನ ತೊಟ್ಟಿಯ ಸುತ್ತ.

ಬೇಸರ ತರಿಸುವುದು ಇದರ ನಿಧಾನ. ಕೋಶಕ್ಕೂ (ಪ್ಯೂಪಾ) ಹಾರುವ ನೊಣಕ್ಕೂ ಇದು ತಟ್ಟದು. ಬಲಿತ ಹುಳಕ್ಕೆ ಅಷ್ಟಕ್ಕಷ್ಟೆ. ಹಾಗಾಗಿ ಮೊದಲ ವಾರ ನೊಣ ಕಡಿಮೆಯಾದಂತೆ ಕಾಣುವುದೇ ಇಲ್ಲ. ಮತ್ತೆ ಎಳೆಹುಳ ಕಂಡಾಗಷ್ಟೇ ಹಾಕಿ, ಅರ್ಧ ಡೋಸ್ ಬೇಡವೇ ಬೇಡ. ಹೊರದೇಶದ ಕೋಳಿ ಫಾರಂಗಳಲ್ಲಿ ಇದಕ್ಕೂ ಜಗ್ಗದ ನೊಣಗಳು ಹುಟ್ಟಿವೆ.

ಮಳೆಗಾಲದಲ್ಲಿ ಮೇಲೆ ಮಾಡು (ಚಾವಣಿ) ಇಲ್ಲದ ಗುಂಡಿಗೆ ಹಾಕಿದರೆ ತೊಳೆದು ತೋಟದ ಕಾದಿಗೆ, ಅಂದರೆ ಬಸಿಗಾಲುವೆಗೆ ಸೇರುತ್ತದೆ. ಕಾರವಾರ, ಅಂಕೋಲೆಯ ಒಣಮೀನು ಹರವುವ ಜಾಗಕ್ಕಂತೂ ಇದನ್ನು ಒಯ್ಯಲೇಬಾರದು. ಅಲ್ಲಿ ಉಪ್ಪು, ಎತ್ತರದ ಚಪ್ಪರ, ಬಲೆಯ ಹೊದಿಕೆ ಇಷ್ಟೇ ಔಷಧ.